ಮೂರು ಲಕ್ಷ ಉಲ್ಲೇಖಗಳ ಹಿಂದಿನ ವಿಜ್ಞಾನಿ

1951ರಲ್ಲಿ ಅಮೆರಿಕದ ‘ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಅಚ್ಚಾದ ಹನ್ನೊಂದು ಪುಟಗಳ ಒಂದು ಪ್ರಬಂಧ, ವಿಜ್ಞಾನದ ಬರಹಗಳಲ್ಲೆಲ್ಲ ಅತಿ ಹೆಚ್ಚು ಬಾರಿ ಉಲ್ಲೇಖಗೊಂಡ ಬರಹವೆಂದು ದಶಕಗಳಿಂದ ಹೆಸರಾಗಿದೆ. ‘ನೇಚರ್’ ಪತ್ರಿಕೆ 2014ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಆ ಹೊತ್ತಿಗೇ 3,05,148 ಸಂಶೋಧನಾ ಲೇಖನಗಳು ಇದನ್ನು ತಮ್ಮ ಆಕರಗಳ ಸಾಲಿನಲ್ಲಿ ಹೆಸರಿಸಿದ್ದವು. ಪ್ರಬಂಧದ ವಿಷಯ ಯಾವುದೋ ಮಹಾ ಸಿದ್ಧಾಂತವಲ್ಲ, ಹೊಸ ರೋಗದ ಪತ್ತೆಯೂ ಅಲ್ಲ. ಒಂದು ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂಬುದನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ಬಗೆಯನ್ನು ಅದು ವಿವರಿಸುತ್ತದೆ. ಅದರ ಮೊದಲ ಲೇಖಕ ಆಲಿವರ್ ಲೌರಿ ಮೆದುಳಿನ ರಸಾಯನವನ್ನು ಒಂದೊಂದೇ ನರಕೋಶದ ಮಟ್ಟಕ್ಕಿಳಿದು ಅಳೆಯುವುದಕ್ಕೆ ತಮ್ಮ ಬಾಳಿನ ಬಹುಭಾಗವನ್ನು ಕೊಟ್ಟ ವಿಜ್ಞಾನಿ. ಆ ಕೆಲಸಕ್ಕೂ ಮೂರು ಲಕ್ಷದ ಆ ಸಂಖ್ಯೆಗೂ ಇರುವ ಅಂತರವನ್ನು ಗಮನಿಸಿದರೆ, ಇಂದು ವಿಜ್ಞಾನಿಗಳ ಬಡ್ತಿ, ಅನುದಾನ, ಕೀರ್ತಿಗಳೆಲ್ಲವನ್ನೂ ನಿರ್ಧರಿಸುತ್ತಿರುವ ಉಲ್ಲೇಖದ ಲೆಕ್ಕವು ನಿಜಕ್ಕೂ ಏನನ್ನು ಎಣಿಸುತ್ತದೆ ಎಂಬುದು ಬೇರೆ ಯಾವ ಉದಾಹರಣೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಒಬ್ಬ ಸಂಶೋಧಕ ತನ್ನ ಲೇಖನವನ್ನು ಬರೆಯುವಾಗ ತಾನು ಆಧರಿಸಿದ, ಬಳಸಿಕೊಂಡ ಅಥವಾ ಅಲ್ಲಗಳೆಯುವ ಹಿಂದಿನ ಕೆಲಸಗಳನ್ನು ಕೊನೆಯಲ್ಲಿ ಪಟ್ಟಿ ಮಾಡುತ್ತಾನೆ. ಆ ಪಟ್ಟಿಯಲ್ಲಿ ಒಂದು ಪ್ರಬಂಧದ ಹೆಸರು ಬಂದರೆ ಅದಕ್ಕೆ ಒಂದು ಉಲ್ಲೇಖ ದಕ್ಕಿದಂತೆ. ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ ಇಂಥ ಪಟ್ಟಿಗಳನ್ನು ಒಟ್ಟುಗೂಡಿಸಿ, ಯಾವ ಪ್ರಬಂಧವನ್ನು ಮುಂದೆ ಯಾರು ಯಾರು ಬಳಸಿಕೊಂಡರು ಎಂದು ಹುಡುಕಲು ಅನುವಾಗುವಂತೆ ತಿರುಗಿಸಿ ಜೋಡಿಸುವ ಯೋಚನೆಯನ್ನು 1955ರಲ್ಲಿ ಮುಂದಿಟ್ಟರು, ಮತ್ತು 1960ರ ದಶಕದ ಮೊದಲ ವರ್ಷಗಳಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಎಂಬ ಸೂಚಿಯನ್ನು ಹೊರತಂದರು. ಓದುವವನಿಗೆ ದಾರಿ ತೋರಿಸುವ ಸಾಧನವಾಗಿ ಹುಟ್ಟಿದ ಈ ಸೂಚಿಯಲ್ಲಿ ಎಣಿಕೆ ತಾನಾಗಿಯೇ ಸಾಧ್ಯವಾಗಿತ್ತು. ಎಣಿಸಬಹುದಾದದ್ದನ್ನು ಆಡಳಿತಗಾರರು ಬಹಳ ದಿನ ಎಣಿಸದೆ ಬಿಡುವುದಿಲ್ಲವಾದ್ದರಿಂದ, ಗ್ರಂಥಾಲಯದ ಉಪಕರಣವೊಂದು ಕ್ರಮೇಣ ವಿಜ್ಞಾನಿಯ ಯೋಗ್ಯತೆಯನ್ನು ಅಳೆಯುವ ಮಾನವಾಯಿತು. ಸೂಚಿಯ ಆರಂಭದ ದಿನಗಳಿಂದಲೂ ಪಟ್ಟಿಯ ಮೊದಲ ಸ್ಥಾನದಲ್ಲಿ ಇದ್ದದ್ದು ಲೌರಿಯವರ ಪ್ರಬಂಧವೇ.

ಕರ್ನಾಟಕದಲ್ಲಿ ಜೀವರಸಾಯನವನ್ನು ಓದಿದ ಯಾರಿಗೂ ಈ ವಿಧಾನ ಅಪರಿಚಿತವಲ್ಲ, ಏಕೆಂದರೆ ಪದವಿ ತರಗತಿಗಳ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ‘ಲೌರಿ ವಿಧಾನದಿಂದ ಪ್ರೋಟೀನ್ ಪ್ರಮಾಣ ನಿರ್ಧಾರ’ ಎಂಬ ಪ್ರಯೋಗ ತಪ್ಪದೆ ಬರುವಂಥದ್ದು. ಪ್ರೋಟೀನ್ ಇರುವ ದ್ರಾವಣಕ್ಕೆ ಮೊದಲು ಕ್ಷಾರೀಯ ತಾಮ್ರದ ದ್ರಾವಣವನ್ನು ಹಾಕಿ ಹತ್ತು ನಿಮಿಷ ಬಿಡಲಾಗುತ್ತದೆ. ಈ ಅವಧಿಯಲ್ಲಿ ಅಮೈನೊ ಆಮ್ಲಗಳನ್ನು ಒಂದಕ್ಕೊಂದು ಕಟ್ಟಿರುವ ಪೆಪ್ಟೈಡ್ ಬಂಧಗಳು ತಾಮ್ರವನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಹಳದಿ ಬಣ್ಣದ ಫೋಲಿನ್ ಕಾರಕವನ್ನು ಸೇರಿಸಬೇಕು, ಮತ್ತು ಸೇರಿಸಿದ ಕೂಡಲೇ ಟೆಸ್ಟ್ ಟ್ಯೂಬನ್ನು ಜೋರಾಗಿ ಕಲಕಬೇಕು, ಏಕೆಂದರೆ ಈ ಕಾರಕ ಕ್ಷಾರದಲ್ಲಿ ಕೆಲವೇ ಕ್ಷಣಗಳಲ್ಲಿ ಶಕ್ತಿಗುಂದುತ್ತದೆ. ಒಂದು ಟ್ಯೂಬಿನಲ್ಲಿ ಕಲಕುವುದು ತಡವಾದರೆ ಆ ಟ್ಯೂಬಿನ ಬಣ್ಣ ತೆಳುವಾಗಿ ಇಡೀ ರೇಖಾಚಿತ್ರ ಕೆಡುತ್ತದೆ. ಅರ್ಧ ಗಂಟೆಯಲ್ಲಿ, ತಾಮ್ರ ಹಿಡಿದ ಪ್ರೋಟೀನ್ ಹಾಗೂ ಅದರಲ್ಲಿರುವ ಟೈರೊಸಿನ್, ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲಗಳು ಕಾರಕದಲ್ಲಿರುವ ಮಾಲಿಬ್ಡಿನಮ್ ಮತ್ತು ಟಂಗ್‌ಸ್ಟನ್ ಸಂಯುಕ್ತಗಳನ್ನು ಅಪಕರ್ಷಿಸಿ, ಅಂದರೆ ಅವಕ್ಕೆ ಎಲೆಕ್ಟ್ರಾನುಗಳನ್ನು ಒದಗಿಸಿ, ಕಡು ನೀಲಿ ಬಣ್ಣವನ್ನು ತರುತ್ತವೆ. ಗೊತ್ತಿರುವ ಪ್ರಮಾಣದ ಪ್ರೋಟೀನ್ ತುಂಬಿದ ಟ್ಯೂಬುಗಳ ಸಾಲಿನೊಂದಿಗೆ ಗೊತ್ತಿಲ್ಲದ ಮಾದರಿಯ ನೀಲಿಯನ್ನು ಕಲರಿಮೀಟರಿನಲ್ಲಿ ಹೋಲಿಸಿದರೆ ಉತ್ತರ ಸಿಗುತ್ತದೆ.

ಇದರ ಘಟಕಗಳಲ್ಲಿ ಯಾವುದೂ ಲೌರಿಯವರು ಹೊಸದಾಗಿ ಕಂಡುಹಿಡಿದದ್ದಲ್ಲ. ಕಾರಕ ಹಾರ್ವರ್ಡಿನ ಆಟೊ ಫೋಲಿನ್ ಅವರದು, ಅದನ್ನು ಪ್ರೋಟೀನಿಗೆ ಬಳಸುವ ದಾರಿಯನ್ನು ಚೀನಾದ ಹ್ಸಿಯೆನ್ ವು 1922ರಲ್ಲೇ ತೋರಿಸಿದ್ದರು, ತಾಮ್ರ ಬಣ್ಣವನ್ನು ಹೆಚ್ಚಿಸುತ್ತದೆಂಬ ಸಂಗತಿಯೂ ತಿಳಿದಿತ್ತು. ಲೌರಿ ಮತ್ತು ಅವರ ಸಂಗಡಿಗರು ಮಾಡಿದ್ದು, ಎಷ್ಟು ಕ್ಷಾರ, ಎಷ್ಟು ತಾಮ್ರ, ಎಷ್ಟು ಹೊತ್ತು, ಯಾವ ವಸ್ತು ಬೆರೆತಿದ್ದರೆ ಎಷ್ಟು ತಪ್ಪು ಎಂಬುದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಬೇರೆ ಊರಿನ ಬೇರೆ ಪ್ರಯೋಗಾಲಯದಲ್ಲಿ ಬೇರೆಯವರು ಮಾಡಿದರೂ ಅದೇ ಫಲ ಬರುವಂತೆ ವಿಧಾನವನ್ನು ಕಟ್ಟಿಕೊಟ್ಟದ್ದು. ಆಗ ಬಳಕೆಯಲ್ಲಿದ್ದ ಬೈಯುರೆಟ್ ವಿಧಾನಕ್ಕಿಂತ ಇದು ನೂರು ಪಟ್ಟು ಸೂಕ್ಷ್ಮವಾಗಿತ್ತು. ಒಂದು ಮೈಕ್ರೊಗ್ರಾಂಗಿಂತಲೂ ಕಡಿಮೆ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ ಪ್ರೋಟೀನನ್ನೂ ಅದು ಗುರುತಿಸುತ್ತಿತ್ತು. ಒಂದು ಕಿಣ್ವ ಎಷ್ಟು ಚುರುಕಾಗಿದೆ ಎಂದು ಹೇಳಬೇಕಾದರೆ ಅದನ್ನು ಮಾದರಿಯಲ್ಲಿರುವ ಒಟ್ಟು ಪ್ರೋಟೀನಿಗೆ ಭಾಗಿಸಿ ಹೇಳಬೇಕಾಗುತ್ತದೆ. ಹೀಗಾಗಿ ಯಕೃತ್ತನ್ನು ಅಭ್ಯಸಿಸುವವನಿಗೂ, ಗೋಧಿಯ ಸಸಿಯನ್ನು ಅಭ್ಯಸಿಸುವವಳಿಗೂ, ಬ್ಯಾಕ್ಟೀರಿಯಾ ಬೆಳೆಸುವವರಿಗೂ ಇದೊಂದು ಅಳತೆ ಬೇಕೇ ಬೇಕು. ಪ್ರತಿಯೊಬ್ಬರೂ ವಿಧಾನದ ಸಾಲಿನಲ್ಲಿ ಒಂದು ವಾಕ್ಯ ಬರೆದು ಲೌರಿಯವರ ಹೆಸರನ್ನು ಸೇರಿಸಿದರು. ಮೂರು ಲಕ್ಷದ ಬಹುಪಾಲು ಕೂಡಿದ್ದು ಹೀಗೆ.

ಪ್ರಬಂಧ ಅಚ್ಚಾಗುವುದಕ್ಕೆ ಮುಂಚೆಯೇ ಸುತ್ತಲಿನ ಪ್ರಯೋಗಾಲಯಗಳು ವಿಧಾನವನ್ನು ಬಳಸುತ್ತಿದ್ದವು, ಮತ್ತು ಅದನ್ನು ಬರೆದು ಪ್ರಕಟಿಸುವಂತೆ ಲೌರಿಯವರನ್ನು ಒತ್ತಾಯಿಸಿದವರಲ್ಲಿ ಮುಂದೆ 1971ರಲ್ಲಿ ನೊಬೆಲ್ ಪಡೆದ ಅರ್ಲ್ ಸದರ್‌ಲ್ಯಾಂಡ್ ಒಬ್ಬರು. ಅದು ತಮ್ಮ ದೊಡ್ಡ ಕೆಲಸವಲ್ಲವೆಂದು ಲೌರಿಯವರಿಗೆ ಖಚಿತವಾಗಿ ತಿಳಿದಿತ್ತು. 1977ರಲ್ಲಿ ಅವರು ಅದನ್ನು ಮುಚ್ಚುಮರೆಯಿಲ್ಲದೆ ಬರೆದರು, ಜೊತೆಗೆ ಅದಕ್ಕೆ ದೊರೆತ ಸ್ವಾಗತ ತಮಗೆ ಒಳಗೊಳಗೇ ಖುಷಿ ಕೊಡುತ್ತದೆಂದೂ ಒಪ್ಪಿಕೊಂಡರು. ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಆ ಪ್ರಬಂಧಕ್ಕೆ ನಾಲ್ವರು ಲೇಖಕರಿದ್ದರು: ಲೌರಿ, ನೈರಾ ರೋಸ್‌ಬ್ರೊ, ಲೂಯಿಸ್ ಫಾರ್ ಮತ್ತು ರೋಸ್ ರ್‍ಯಾಂಡಲ್. ‘ಲೌರಿ ಮತ್ತು ಇತರರು’ ಎಂದು ಬರೆಯುವ ರೂಢಿಯಿಂದಾಗಿ ಉಳಿದ ಮೂವರ ಹೆಸರು ಪಾಠಪುಸ್ತಕಗಳಲ್ಲಿ ಕಾಣುವುದೇ ಅಪರೂಪ. ಟ್ಯೂಬುಗಳ ಮುಂದೆ ನಿಂತು ಸಾವಿರಾರು ಅಳತೆಗಳನ್ನು ಮಾಡಿದವರ ಶ್ರಮ ‘ಇತರರು’ ಎಂಬ ಮಾತಿನಲ್ಲಿ ಕರಗಿಹೋಗುವುದು ಉಲ್ಲೇಖ ಪದ್ಧತಿಯ ಹಳೆಯ ಅನ್ಯಾಯ, ಮತ್ತು ಎಣಿಕೆ ಎಷ್ಟೇ ದೊಡ್ಡದಾದರೂ ಅದನ್ನು ಸರಿಪಡಿಸುವುದಿಲ್ಲ.

ಇಷ್ಟು ಸಣ್ಣ ಪ್ರಮಾಣವನ್ನು ಅಳೆಯಬೇಕೆಂಬ ಹಂಬಲ ಲೌರಿಯವರಲ್ಲಿ ಹುಟ್ಟಿದ್ದಕ್ಕೆ ಬೇರೆಯೇ ಹಿನ್ನೆಲೆಯಿದೆ. 1910ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಅವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಮತ್ತು ಡಾಕ್ಟರೇಟ್ ಎರಡನ್ನೂ 1937ರಲ್ಲಿ ಪಡೆದು, ಹಾರ್ವರ್ಡಿನಲ್ಲಿ ಕೆಲಸ ಮಾಡುತ್ತಿದ್ದಾಗ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯಕ್ಕೆ ಹೋಗಿ ಕಾಯ್ ಲಿಂಡರ್‌ಸ್ಟ್ರಾಮ್-ಲಾಂಗ್ ಅವರಿಂದ ಅತಿಸೂಕ್ಷ್ಮ ರಾಸಾಯನಿಕ ವಿಶ್ಲೇಷಣೆಯ ಕೈಚಳಕವನ್ನು ಕಲಿತರು. 1942ರಲ್ಲಿ ನ್ಯೂಯಾರ್ಕ್ ನಗರದ ಸಾರ್ವಜನಿಕ ಆರೋಗ್ಯ ಸಂಶೋಧನಾ ಸಂಸ್ಥೆಯನ್ನು ಸೇರಿದಾಗ ಆ ಕೈಚಳಕ ಜನರ ಆರೋಗ್ಯದ ಪ್ರಶ್ನೆಗೆ ಒದಗಿತು. ಯುದ್ಧಕಾಲದಲ್ಲಿ ಮಕ್ಕಳಿಗೆ ಸಾಕಷ್ಟು ಪೋಷಣೆ ಸಿಗುತ್ತಿದೆಯೇ ಎಂದು ತಿಳಿಯಬೇಕಾಗಿತ್ತು. ಆದರೆ ಸಾವಿರಾರು ಮಕ್ಕಳ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವುದು ಸುಲಭವೂ ಅಲ್ಲ, ಸರಿಯೂ ಅಲ್ಲ. ಆಟೊ ಬೆಸ್ಸಿ ಅವರೊಂದಿಗೆ ಲೌರಿ, ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ಎ, ಸಿ ಮುಂತಾದ ಜೀವಸತ್ವಗಳನ್ನು ಅಳೆಯುವ ವಿಧಾನಗಳನ್ನು ರೂಪಿಸಿದರು. ಅವರ 1946ರ ಇನ್ನೊಂದು ಪ್ರಬಂಧ ಅಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನು ಐದು ಘನ ಮಿಲಿಮೀಟರ್ ಸೀರಮ್ಮಿನಲ್ಲಿ, ಅಂದರೆ ಒಂದು ಹನಿಯ ಹತ್ತನೇ ಒಂದು ಪಾಲಿನಷ್ಟರಲ್ಲಿ, ಅಳೆಯುವ ಬಗೆಯನ್ನು ಹೇಳುತ್ತದೆ.

ಈ ವಿಧಾನಗಳ ಬೆಲೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ಸ್ಪಷ್ಟವಾಯಿತು. ಆಗಿನ್ನೂ ಕೆನಡಾಕ್ಕೆ ಸೇರಿರದ ಆ ಬಡ ಮೀನುಗಾರರ ನಾಡಿನಲ್ಲಿ 1944ರಲ್ಲಿ ನಡೆದ ಪೋಷಣಾ ಸಮೀಕ್ಷೆಯ ತಂಡದಲ್ಲಿ ಲೌರಿ ಇದ್ದರು. ಜೀವಸತ್ವಗಳ ಕೊರತೆ ಅಲ್ಲಿ ವ್ಯಾಪಕವಾಗಿತ್ತು. ಹಿಟ್ಟನ್ನೂ ಮಾರ್ಗರಿನನ್ನೂ ಜೀವಸತ್ವಗಳಿಂದ ಬಲವರ್ಧಿಸಿದ ಬಳಿಕ, 1948ರಲ್ಲಿ ಮತ್ತೆ ಸಮೀಕ್ಷೆ ನಡೆಸಿದಾಗ ಜನರ ಸ್ಥಿತಿ ಸುಧಾರಿಸಿದ್ದು ಕಂಡುಬಂತು. ಆ ಎರಡನೆಯ ಸಮೀಕ್ಷೆಯಲ್ಲಿ ಪಾಲ್ಗೊಂಡ ವಾಲೇಸ್ ಐಕ್ರಾಯ್ಡ್ ದಕ್ಷಿಣ ಭಾರತಕ್ಕೆ ಹೊಸಬರಲ್ಲ. 1935ರಿಂದ 1945ರವರೆಗೆ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯದ ನಿರ್ದೇಶಕರಾಗಿ ನಮ್ಮ ಧಾನ್ಯ, ಬೇಳೆ, ಸೊಪ್ಪುಗಳ ಪೋಷಕ ಮೌಲ್ಯದ ಕೋಷ್ಟಕಗಳನ್ನು ಸಿದ್ಧಪಡಿಸಿದವರು ಅವರೇ. ಆ ಸಂಸ್ಥೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಒಂದು ಸಮೀಕ್ಷೆಯಿಂದ ಎಷ್ಟು ಮಕ್ಕಳ ಒಸಡಿನ ರಕ್ತಸ್ರಾವ ನಿಂತಿತು, ಎಷ್ಟು ಕಣ್ಣುಗಳು ಉಳಿದವು ಎಂಬುದು ಯಾವ ಉಲ್ಲೇಖ ಸೂಚಿಯಲ್ಲೂ ದಾಖಲಾಗುವುದಿಲ್ಲ. ಸರ್ಕಾರಿ ಆದೇಶವಾಗಿ ಜಾರಿಗೆ ಬಂದ ಸಂಶೋಧನೆಯನ್ನು ಉಲ್ಲೇಖಿಸುವ ಹೊಣೆ ಯಾರದೂ ಅಲ್ಲ. ಆರೋಗ್ಯ ಕ್ಷೇತ್ರದ ಅತ್ಯುತ್ತಮ ಕೆಲಸಗಳು ಎಣಿಕೆಯಲ್ಲಿ ಹಿಂದುಳಿಯುವುದಕ್ಕೆ ಇದೊಂದು ಮುಖ್ಯ ಕಾರಣ.

1947ರಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಔಷಧ ವಿಜ್ಞಾನ ವಿಭಾಗದ ಮುಖ್ಯಸ್ಥರಾದ ಮೇಲೆ ಲೌರಿ ಮೆದುಳಿನ ಕಡೆಗೆ ತಿರುಗಿದರು. ಮೆದುಳು ಒಂದೇ ಹದದ ವಸ್ತುವಲ್ಲ. ಕೂದಲೆಳೆಯಷ್ಟು ಅಂತರದಲ್ಲಿ ನರಕೋಶಗಳ ಪದರ, ಅವುಗಳ ತಂತುಗಳ ಪದರ, ಕೊಬ್ಬಿನ ಹೊದಿಕೆಯ ಪದರ ಬದಲಾಗುತ್ತ ಹೋಗುತ್ತವೆ. ಇಡೀ ಮೆದುಳನ್ನು ಅರೆದು ಅಳೆದರೆ ಸಿಗುವುದು ಸರಾಸರಿ ಮಾತ್ರ, ಅದರಿಂದ ಯಾವ ಪದರದಲ್ಲಿ ಏನು ನಡೆಯುತ್ತಿದೆ ಎಂಬುದು ತಿಳಿಯದು. ಆದ್ದರಿಂದ ಅವರು ಮೆದುಳನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಸೀಳಿ, ಕರಗಲು ಬಿಡದೆ ಹಾಗೆಯೇ ಒಣಗಿಸಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ರೇಜರ್ ಚೂರಿನ ಅಲಗುಗಳಿಂದ ಬೇಕಾದ ಪದರವನ್ನು, ಕೆಲವೊಮ್ಮೆ ಒಂದೇ ಒಂದು ನರಕೋಶದ ಒಡಲನ್ನು, ಕೈಯಿಂದ ಬಿಡಿಸಿ ತೆಗೆಯುವ ಕ್ರಮವನ್ನು ಬೆಳೆಸಿದರು. ಹೀಗೆ ಬಿಡಿಸಿದ ತುಣುಕಿನ ತೂಕವನ್ನು ತಿಳಿಯಲು ಯಾವ ತಕ್ಕಡಿಯೂ ಸಾಲದ್ದರಿಂದ ಅದನ್ನೂ ಅವರೇ ಮಾಡಿಕೊಂಡರು. ಒಂದು ತುದಿಯನ್ನು ಗಟ್ಟಿಯಾಗಿ ನೆಟ್ಟ, ಕಣ್ಣಿಗೆ ಕಾಣದಷ್ಟು ತೆಳುವಾದ ಸ್ಫಟಿಕದ ಎಳೆಯ ಇನ್ನೊಂದು ತುದಿಗೆ ತುಣುಕನ್ನು ಇಟ್ಟರೆ, ಮೀನು ಕಚ್ಚಿದ ಗಾಳದ ಕೋಲಿನಂತೆ ಆ ಎಳೆ ಬಾಗುತ್ತದೆ. ಎಷ್ಟು ಬಾಗಿತೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ತೂಕವನ್ನು ಲೆಕ್ಕಹಾಕಬೇಕು. ನ್ಯಾನೊಗ್ರಾಂಗಳಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯ ಪಾಲುಗಳಲ್ಲಿ, ತೂಗುವ ಆ ಎಳೆಗೆ ಉಸಿರಿನ ಗಾಳಿಯೂ ಬಿರುಗಾಳಿಯೇ ಆದ್ದರಿಂದ ಅದನ್ನು ಗಾಜಿನ ಗೂಡಿನಲ್ಲಿಟ್ಟು ಕೆಲಸ ಮಾಡಲಾಗುತ್ತಿತ್ತು.

ತೂಗಿದ ಮೇಲೆ ಅಳೆಯಬೇಕಾದ ವಸ್ತು ಇನ್ನೂ ಕಡಿಮೆ ಇರುತ್ತದೆ. ಅದಕ್ಕಾಗಿ ಜ್ಯಾನೆಟ್ ಪ್ಯಾಸನೊ ಮತ್ತಿತರ ಸಹೋದ್ಯೋಗಿಗಳೊಡನೆ ಲೌರಿ 1961ರಲ್ಲಿ ಪ್ರಕಟಿಸಿದ ಕಿಣ್ವಚಕ್ರದ ವಿಧಾನ, ಅವರ ಬುದ್ಧಿಯ ನಿಜವಾದ ಎತ್ತರವನ್ನು ತೋರಿಸುವಂಥದ್ದು. ಜೀವಕೋಶದಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುವ ಸಣ್ಣ ಅಣುವೊಂದನ್ನು ಎರಡು ಕಿಣ್ವಗಳ ನಡುವೆ ಹಾಕಿದರೆ, ಒಂದು ಅದನ್ನು ಅಪಕರ್ಷಿಸುತ್ತದೆ, ಇನ್ನೊಂದು ಮರಳಿ ಮೊದಲಿನಂತೆ ಮಾಡುತ್ತದೆ, ಮತ್ತು ಪ್ರತಿ ಸುತ್ತಿಗೂ ಒಂದು ಉಪವಸ್ತುವಿನ ಅಣು ಉಳಿಯುತ್ತದೆ; ಅದೇ ಅಣು ಸಾವಿರಾರು ಬಾರಿ ಸುತ್ತಿದಾಗ ಉಪವಸ್ತು ಅಳೆಯಬಹುದಾದಷ್ಟು ಶೇಖರವಾಗುತ್ತದೆ. ಕಾಣದಷ್ಟು ಕಡಿಮೆಯಿದ್ದದ್ದನ್ನು ಹೀಗೆ ವರ್ಧಿಸಿ ಕಾಣಿಸುವ ಈ ಉಪಾಯದಿಂದ ಒಂದೇ ನರಕೋಶದೊಳಗಿನ ರಾಸಾಯನಿಕಗಳನ್ನೂ ಲೆಕ್ಕಹಾಕಲು ಸಾಧ್ಯವಾಯಿತು.

ಈ ಉಪಕರಣಗಳಿಂದ ಅವರು ಕೇಳಿದ ಪ್ರಶ್ನೆ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ್ದು. ಮನುಷ್ಯನ ಮೆದುಳು ದೇಹದ ತೂಕದ ಶೇ 2ರಷ್ಟು ಮಾತ್ರವಿದ್ದರೂ ವಿಶ್ರಾಂತಿಯಲ್ಲಿ ದೇಹ ಬಳಸುವ ಆಮ್ಲಜನಕದ ಸುಮಾರು ಶೇ 20ನ್ನು ಬಳಸುತ್ತದೆ. ರಕ್ತದ ಹರಿವು ನಿಂತರೆ ಅದರ ಶಕ್ತಿಯ ದಾಸ್ತಾನು ಎಷ್ಟು ಹೊತ್ತು ಬಾಳುತ್ತದೆ? ಲೌರಿ, ಪ್ಯಾಸನೊ ಮತ್ತು ಸಂಗಡಿಗರು 1964ರ ಪ್ರಬಂಧದಲ್ಲಿ, ರಕ್ತದ ಪೂರೈಕೆ ಕಡಿದ ಇಲಿಮರಿಗಳ ಹಾಗೂ ಬೆಳೆದ ಇಲಿಗಳ ಮೆದುಳನ್ನು ಕೆಲವೇ ಸೆಕೆಂಡುಗಳ ಅಂತರದಲ್ಲಿ ಅತಿಶೀತಲ ದ್ರವದಲ್ಲಿ ಹೆಪ್ಪುಗಟ್ಟಿಸಿ, ಪ್ರತಿ ಹಂತದಲ್ಲೂ ಉಳಿದಿದ್ದ ಗ್ಲೂಕೋಸ್, ಗ್ಲೈಕೋಜನ್, ಎಟಿಪಿ, ಫಾಸ್ಫೊಕ್ರಿಯೇಟಿನ್‌ಗಳನ್ನು ಅಳೆದರು. ಎಟಿಪಿ ಎಂದರೆ ಜೀವಕೋಶ ಕೆಲಸಕ್ಕೆ ನೇರವಾಗಿ ವ್ಯಯಿಸುವ ಶಕ್ತಿವಾಹಕ ಅಣು. ಫಾಸ್ಫೊಕ್ರಿಯೇಟಿನ್ ಅದನ್ನು ತುರ್ತಾಗಿ ಮರುಪೂರಣ ಮಾಡುವ ಮೀಸಲು. ಬೆಳೆದ ಇಲಿಯಲ್ಲಿ ಮೀಸಲು ಮೊದಲ ಸೆಕೆಂಡುಗಳಲ್ಲೇ ಕುಸಿಯಿತು, ಎಟಿಪಿ ಅದರ ಬೆನ್ನಿಗೇ ಇಳಿಯಿತು. ಮರಿಗಳಲ್ಲಿ ಮತ್ತು ಅರಿವಳಿಕೆ ಕೊಟ್ಟ ಪ್ರಾಣಿಗಳಲ್ಲಿ ಈ ಇಳಿತ ನಿಧಾನವಾಗಿತ್ತು. ಪಾರ್ಶ್ವವಾಯು ಬಡಿದಾಗ ಪ್ರತಿ ನಿಮಿಷವೂ ಏಕೆ ಮುಖ್ಯ ಎಂಬುದನ್ನು ಮೆದುಳಿನ ರಸಾಯನದ ಅಂಕಿಗಳಲ್ಲಿ ತೋರಿಸಿದ ಕೆಲಸಗಳಲ್ಲಿ ಇದು ಆರಂಭದ್ದು. ನರವಿಜ್ಞಾನದ ಓದುಗರಿಗೆ ಲೌರಿ ಎಂದರೆ ಈ ಪ್ರಬಂಧ ನೆನಪಾಗಬೇಕು.

ವಿಜ್ಞಾನಿಯನ್ನು ಒಂದು ಅಂಕಿಯಲ್ಲಿ ಅಳೆಯುವ ಇಂದಿನ ಜನಪ್ರಿಯ ಮಾನ ಎಚ್-ಇಂಡೆಕ್ಸ್. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಈ ಲೆಕ್ಕದಲ್ಲಿ, ಒಬ್ಬರ ಪ್ರಬಂಧಗಳಲ್ಲಿ ಕನಿಷ್ಠ ಇಪ್ಪತ್ತು ಪ್ರಬಂಧಗಳಿಗೆ ತಲಾ ಇಪ್ಪತ್ತು ಅಥವಾ ಹೆಚ್ಚು ಉಲ್ಲೇಖಗಳಿದ್ದು, ಇಪ್ಪತ್ತೊಂದಕ್ಕೆ ತಲಾ ಇಪ್ಪತ್ತೊಂದು ಇಲ್ಲದಿದ್ದರೆ ಅವರ ಎಚ್-ಇಂಡೆಕ್ಸ್ 20. ಯಾವುದೋ ಒಂದು ಪ್ರಬಂಧದ ಅಪಾರ ಜನಪ್ರಿಯತೆ ಒಟ್ಟು ಚಿತ್ರವನ್ನು ತಿರುಚದಿರಲಿ ಎಂಬುದು ಇದರ ಆಶಯ. ಲೌರಿಯವರ ವಿಷಯದಲ್ಲಿ ಇದರ ಪರಿಣಾಮ ವಿಚಿತ್ರ: ಒಟ್ಟು ಉಲ್ಲೇಖಗಳ ಲೆಕ್ಕದಲ್ಲಿ 1951ರ ಪ್ರಬಂಧ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತದೆ, ಎಚ್-ಇಂಡೆಕ್ಸಿನಲ್ಲಿ ಅದೇ ಪ್ರಬಂಧ ಕೇವಲ ಒಂದು ಪ್ರಬಂಧವಾಗಿ ಲೆಕ್ಕಕ್ಕೆ ಬರುತ್ತದೆ, ಅದರ ಮೂರು ಲಕ್ಷಕ್ಕೂ ಮುನ್ನೂರಕ್ಕೂ ವ್ಯತ್ಯಾಸವಿಲ್ಲ. ಒಂದೇ ಬದುಕಿನ ಕೆಲಸಕ್ಕೆ ಎರಡು ಮಾನಗಳು ಇಷ್ಟು ಬೇರೆಯಾದ ಉತ್ತರ ಕೊಡುವಾಗ, ಯಾವುದೇ ಒಂದನ್ನು ಹಿಡಿದು ಇಬ್ಬರು ವಿಜ್ಞಾನಿಗಳಲ್ಲಿ ಯಾರು ಮೇಲು ಎಂದು ತೀರ್ಮಾನಿಸುವುದು ನ್ಯಾಯವಾಗಲಾರದು.

‘ನೇಚರ್’ ಪಟ್ಟಿಯ ಉಳಿದ ಹೆಸರುಗಳೂ ಇದನ್ನೇ ಸಾರುತ್ತವೆ. ಎರಡನೆಯದು 1970ರ ಲೆಮ್ಲಿ ಅವರದು, ಮೂರನೆಯದು 1976ರ ಬ್ರ್ಯಾಡ್‌ಫೋರ್ಡ್ ಅವರದು. ಲೆಮ್ಲಿ ಅವರದು ಪ್ರೋಟೀನುಗಳನ್ನು ಬೇರ್ಪಡಿಸುವ ವಿಧಾನದ ಬಗ್ಗೆ, ಬ್ರ್ಯಾಡ್‌ಫೋರ್ಡ್ ಅವರದು ಮತ್ತೆ ಪ್ರೋಟೀನ್ ಅಳೆಯುವುದರ ಬಗ್ಗೆ. ಮನಸ್ಸು ಮತ್ತು ಮೆದುಳಿಗೆ ಸಂಬಂಧಿಸಿ ಮೊದಲ ನೂರರೊಳಗೆ ಸ್ಥಾನ ಪಡೆದವುಗಳಲ್ಲಿ ಖಿನ್ನತೆಯ ತೀವ್ರತೆಯನ್ನು ಅಳೆಯುವ 1960ರ ಹ್ಯಾಮಿಲ್ಟನ್ ಮಾಪಕ, ನೆನಪು ಮತ್ತು ಗ್ರಹಿಕೆಗಳನ್ನು ಮೂವತ್ತು ಅಂಕಗಳಲ್ಲಿ ಪರೀಕ್ಷಿಸುವ 1975ರ ಫೋಲ್‌ಸ್ಟೀನ್ ಪರೀಕ್ಷೆ ಇವೆ. ಇವೆಲ್ಲ ಉಪಕರಣಗಳು. ಡಿಎನ್‌ಎ ರಚನೆಯ 1953ರ ಪ್ರಬಂಧಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ, ಏಕೆಂದರೆ ಅಲ್ಲಿ ಸೇರಲು ಹನ್ನೆರಡು ಸಾವಿರಕ್ಕೂ ಹೆಚ್ಚು ಉಲ್ಲೇಖಗಳು ಬೇಕಾಗಿದ್ದವು. ಎಲ್ಲರ ಅರಿವಿನ ಭಾಗವಾಗಿಬಿಟ್ಟ ಸತ್ಯವನ್ನು ಯಾರೂ ಆಕರ ಕೊಟ್ಟು ಹೇಳುವುದಿಲ್ಲ. ಒಂದು ಶೋಧನೆ ಸಂಪೂರ್ಣವಾಗಿ ಗೆದ್ದಾಗ ಅದರ ಉಲ್ಲೇಖಗಳು ಕಡಿಮೆಯಾಗುವುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು.

ಹಾಗೆಂದು ಉಪಕರಣದ ಪ್ರಬಂಧಗಳನ್ನು ಕೀಳೆಂದು ಭಾವಿಸುವುದು ದೊಡ್ಡ ತಪ್ಪು. ಮೂರು ಲಕ್ಷ ಉಲ್ಲೇಖಗಳು ಹೇಳುವುದು ಮೂರು ಲಕ್ಷ ಬಾರಿ ಒಂದು ಅಳತೆ ನಂಬಿಕೆಗೆ ಅರ್ಹವಾಗಿತ್ತು ಎಂಬುದನ್ನು, ಮತ್ತು ಅಷ್ಟು ಸಂಶೋಧಕರು ತಮ್ಮ ಋಣವನ್ನು ಪ್ರಾಮಾಣಿಕವಾಗಿ ಬರೆದಿಟ್ಟರು ಎಂಬುದನ್ನು. ಸಂಖ್ಯೆಯನ್ನು ಬಳಕೆಯ ದಾಖಲೆಯಾಗಿ ಓದಿದರೆ ಅದು ಅಮೂಲ್ಯ. ಪ್ರತಿಭೆಯ ದರ್ಜೆಯಾಗಿ ಓದಿದಾಗ ತೊಂದರೆ ಶುರುವಾಗುತ್ತದೆ. ಭಾರತದಲ್ಲಿ 2016ರಿಂದ ಹೊರಬರುತ್ತಿರುವ ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕವೂ ಪ್ರಕಟಣೆ ಮತ್ತು ಉಲ್ಲೇಖಗಳಿಗೆ ತೂಕ ಕೊಡುವುದರಿಂದ, ಬೆಂಗಳೂರಿನ ದೊಡ್ಡ ಸಂಸ್ಥೆಗಳಷ್ಟೇ ಅಲ್ಲ, ಜಿಲ್ಲಾ ಕೇಂದ್ರಗಳ ವಿಶ್ವವಿದ್ಯಾಲಯಗಳೂ ಈ ಎಣಿಕೆಯ ಒತ್ತಡದಲ್ಲಿವೆ. ಅಲ್ಲಿನ ಅಧ್ಯಾಪಕರೊಬ್ಬರು ರಾಗಿ ಉಣ್ಣುವ ಮಕ್ಕಳ ಕಬ್ಬಿಣಾಂಶದ ಕೊರತೆಯನ್ನು ವರ್ಷಗಟ್ಟಲೆ ಅಭ್ಯಸಿಸಿದರೆ, ಅದರ ಫಲ ಅಂಗನವಾಡಿಯ ಅಡುಗೆಮನೆಯಲ್ಲಿ ಕಾಣಬಹುದೇ ಹೊರತು ಉಲ್ಲೇಖ ಸೂಚಿಯಲ್ಲಿ ಅಷ್ಟಾಗಿ ಕಾಣದು. ನ್ಯೂಫೌಂಡ್‌ಲ್ಯಾಂಡಿನ ಸಮೀಕ್ಷೆಯಂಥ ಕೆಲಸವನ್ನು ಗುರುತಿಸಲು ಮೌಲ್ಯಮಾಪನ ಸಮಿತಿಯ ಸದಸ್ಯರು ಪ್ರಬಂಧಗಳನ್ನು ಕೂತು ಓದಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಲೌರಿ ವಿಧಾನದ ಬಳಕೆ ಈಗ ತಗ್ಗಿದೆ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾದ ಟ್ರಿಸ್ ಬಫರ್, ಇಡಿಟಿಎ, ಮಾರ್ಜಕಗಳು ಅದರ ಬಣ್ಣವನ್ನು ಕೆಡಿಸುವುದರಿಂದ, ಬ್ರ್ಯಾಡ್‌ಫೋರ್ಡ್ ವಿಧಾನವೂ 1985ರಲ್ಲಿ ಬಂದ ಬಿಸಿಎ ವಿಧಾನವೂ ಸಿದ್ಧ ಕಿಟ್‌ಗಳ ರೂಪದಲ್ಲಿ ಅದರ ಜಾಗಕ್ಕೆ ಬಂದಿವೆ, ಮತ್ತು ಕಿಟ್ ಬಳಸಿದವರು ತಯಾರಕರ ಹೆಸರನ್ನಷ್ಟೇ ಬರೆದು ಸುಮ್ಮನಾಗುತ್ತಾರೆ. ಸ್ಫಟಿಕದ ಎಳೆಯ ಕೆಲಸವನ್ನು ಮಾತ್ರ ಲೌರಿ ಬಿಡಲಿಲ್ಲ. ವಿಭಾಗದ ಹೊಣೆಯಿಂದ ನಿವೃತ್ತರಾದ ಮೇಲೂ ಅವರು ಸಹೋದ್ಯೋಗಿಗಳೊಂದಿಗೆ ಒಂದೊಂದೇ ಸ್ನಾಯುತಂತುವನ್ನು ಬಿಡಿಸಿ ಅದರ ಕಿಣ್ವಗಳನ್ನೂ, ಗರ್ಭಕೋಶಕ್ಕೆ ಅಂಟಿಕೊಳ್ಳುವ ಮೊದಲಿನ ಇಲಿಯ ಭ್ರೂಣಗಳನ್ನು ಒಂದೊಂದಾಗಿ ತೆಗೆದು ಅವುಗಳ ಶಕ್ತಿವ್ಯಯವನ್ನೂ ಅಳೆಯುತ್ತಿದ್ದರು. 1996ರಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತೈದು ದಾಟಿತ್ತು.